ಒಣಗಾಳಿಯ ಊರಲ್ಲಿ ಉಡುಪಿಯವರು

ರಿಟೈರ್ ಆದ ಮೇಲೆ ಜೋಧಪುರಕ್ಕೆ ಹೋಗಿ ಇರುತ್ತೇವೆ ಅಂದಾಗ ನೆಂಟರೆಲ್ಲ ಕೇಳಿದ್ದು ಒಂದೇ: ಆ ಬಿಸಿಲಲ್ಲಿ ಹೇಗೆ ಇರ್ತೀರಿ ಮಾರಾಯ್ರೆ? ಬಿಸಿಲಿನ ಸುದ್ದಿ ಎಲ್ಲರಿಗೂ ಗೊತ್ತೇ ಇದೆ. ಇದೇ ಸೀಮೆಯ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಆಗಿ ಪೇಪರಿನಲ್ಲೆಲ್ಲ ಬಂದಿತ್ತು. ಆದರೆ ಇಲ್ಲಿ ಸಂಸಾರ ಹೂಡಿದ ಮೇಲೆ ನಾನು ಹೇಳೋದು ಬೇರೆ. ಬಿಸಿಲಿಗೆ ಬಾಗಿಲು ಹಾಕಿಕೊಂಡು ಒಳಗೆ ಕೂರಬಹುದು, ಒಣಗಾಳಿಯಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. ನಿಜವಾಗಿ ಈ ಊರನ್ನು ಆಳುವುದು ಅದೇ.

ನಾವು ಉಡುಪಿ ಕಡೆಯವರು. ವರ್ಷಕ್ಕೆ ಹತ್ತಿರ ಹತ್ತಿರ 400 ಸೆಂಟಿಮೀಟರ್ ಮಳೆ ಬೀಳುವ ಜಾಗ. ಆಟಿ ತಿಂಗಳಲ್ಲಿ, ಅಂದರೆ ಜೋರು ಮಳೆಗಾಲದಲ್ಲಿ, ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತಿತ್ತು, ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತಿತ್ತು, ಬಟ್ಟೆಯನ್ನು ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಎಲ್ಲದಕ್ಕೂ ಹೊಗೆ ವಾಸನೆ. ಇಲ್ಲಿ ಇಡೀ ವರ್ಷಕ್ಕೆ ಬೀಳುವುದು ಸುಮಾರು 36 ಸೆಂಟಿಮೀಟರ್. ನಮ್ಮ ಕಡೆ ಜುಲೈಯ ಒಂದು ಜೋರಾದ ವಾರದಲ್ಲಿ ಮುಗಿಯುವ ಲೆಕ್ಕ ಅದು.

ಹಾಗಾಗಿ ಮನೆಯ ಎಲ್ಲ ಲೆಕ್ಕವೂ ಬದಲಾಯಿತು. ಮೇ ತಿಂಗಳಲ್ಲಿ ಬೆಡ್‌ಶೀಟು ಹರವಿ ಕ್ಲಿಪ್ಪು ಹಾಕುತ್ತಾ ಆ ತುದಿಗೆ ಹೋಗುವಷ್ಟರಲ್ಲಿ ಈ ತುದಿ ಒಣಗಿರುತ್ತದೆ, ಉತ್ಪ್ರೇಕ್ಷೆ ಅಲ್ಲ. ಬೆಳಗ್ಗೆ ಒತ್ತಿದ ಹಪ್ಪಳ ಸಂಜೆಗೆ ಡಬ್ಬಿ ಸೇರುತ್ತದೆ. ಮೋಡ ಬಂತಾ ಅಂತ ಆಕಾಶ ನೋಡುವ ಕೆಲಸವೇ ಇಲ್ಲ. ದೋಸೆ ಹಿಟ್ಟು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ ರುಬ್ಬಿದರೆ ಸಂಜೆಯ ಹೊತ್ತಿಗೆ ಹುಳಿ ಬಂದು ಪಾತ್ರೆಯಿಂದ ಹೊರಗೆ. ಜನವರಿಯಲ್ಲಿ ಕಂಬಳಿ ಹೊದಿಸಿ ಇಟ್ಟರೂ ಬೆಳಗ್ಗೆ ಹಿಟ್ಟು ಇಟ್ಟ ಹಾಗೆಯೇ ಇರುತ್ತದೆ. ಅದಕ್ಕೇ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಬಾಜ್ರೆ, ಅಂದರೆ ಸಜ್ಜೆ ರೊಟ್ಟಿ ಜಾಸ್ತಿ.

ಕೂಲರ್ ಅನ್ನುವ ಯಂತ್ರದ ಬೆಲೆ ನನಗೆ ಗೊತ್ತಾದದ್ದೂ ಇಲ್ಲೇ. ಕರಾವಳಿಯಲ್ಲಿ ಅದನ್ನು ಯಾರೂ ಮೂಸಿಯೂ ನೋಡುವುದಿಲ್ಲ, ಗಾಳಿಯಲ್ಲೇ ಬೇಕಾದಷ್ಟು ನೀರಿರುವಾಗ ಇನ್ನಷ್ಟು ನೀರು ಆರುವುದಾದರೂ ಎಲ್ಲಿಗೆ? ಇಲ್ಲಿ ಹಾಗಲ್ಲ. ತಗಡಿನ ದೊಡ್ಡ ಪೆಟ್ಟಿಗೆ, ಮೂರು ಬದಿಗೆ ಹುಲ್ಲಿನ ಪರದೆ, ಕೆಳಗೆ ನೀರು, ಒಳಗೊಂದು ಫ್ಯಾನು. ನೀರು ಆರುವಾಗ ಗಾಳಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಅಷ್ಟೇ ವಿಷಯ. ಗಾಳಿ ಒಣಗಿದಷ್ಟೂ ತಂಪು ಜಾಸ್ತಿ. ಮೇ ತಿಂಗಳಲ್ಲಿ ಅದರ ಮುಂದೆ ಕೂತು ಮಧ್ಯಾಹ್ನ ಹೊದ್ದು ಮಲಗಿದ್ದೂ ಉಂಟು. ಖಸ್ ಅಂದರೆ ಲಾವಂಚದ ಪರದೆ ಹಾಕಿಸಿದರೆ ಮನೆಯೆಲ್ಲ ಪರಿಮಳ. ಆದರೆ ಜುಲೈನಲ್ಲಿ ನಾಲ್ಕು ಮಳೆ ಬಿದ್ದದ್ದೇ ತಡ, ಕೂಲರ್ ಕೈಕೊಡುತ್ತದೆ. ಆಗ ಅಕ್ಕಪಕ್ಕದವರೆಲ್ಲ ‘ಉಮಸ್, ಉಮಸ್’ ಅಂತ ಗೋಳಾಡುತ್ತಾರೆ, ಸೆಖೆ ಅಂತ. ನಾವಿಬ್ಬರೂ ಸುಮ್ನೆ ಮುಖ ಮುಖ ನೋಡಿಕೊಳ್ಳುತ್ತೇವೆ. ಇದಕ್ಕೆ ಸೆಖೆ ಅನ್ನುವುದಾದರೆ ಮಂಗಳೂರಿನ ಏಪ್ರಿಲ್‌ಗೆ ಏನಂತಾರೋ.

ಇನ್ನು ಬನ್ನಿ ಮರ. ಇದನ್ನು ಹೇಳದೆ ಬಿಡಲಾರೆ.

ನಮಗೆ ಬನ್ನಿ ಅಂದರೆ ವಿಜಯದಶಮಿ, ಜಂಬೂಸವಾರಿ ಹೋಗಿ ಮುಟ್ಟುವ ಬನ್ನಿಮಂಟಪ, ಪಾಂಡವರು ಆಯುಧ ಬಚ್ಚಿಟ್ಟ ಕತೆ. ಉತ್ತರ ಕರ್ನಾಟಕದವರಾದರೆ ಎಲೆ ಕೊಟ್ಟು ಬಂಗಾರದಂಗ ಇರೋಣ ಅನ್ನುವುದು. ಮರವನ್ನು ನಾನು ಗಮನವಿಟ್ಟು ನೋಡಿದ್ದೇ ಇಲ್ಲ. ಇಲ್ಲಿ ಊರು ದಾಟಿದರೆ ಹೊಲಹೊಲದಲ್ಲೂ ಅದೇ. ಇವರು ಖೇಜ್ರಿ ಅನ್ನುತ್ತಾರೆ, 1983ರಿಂದ ರಾಜಸ್ಥಾನದ ರಾಜ್ಯ ಮರ. ನೋಡೋಕೆ ಏನೂ ಇಲ್ಲ. ಚಳಿಗಾಲದಲ್ಲಿ ಮೇವಿಗೆ ಅಂತ ಕೊಂಬೆಗಳನ್ನೆಲ್ಲ ಸವರಿಬಿಟ್ಟಿರುತ್ತಾರೆ, ಗಂಟುಗಂಟಾದ ಬೊಡ್ಡೆ ಮಾತ್ರ ಉಳಿದಿರುತ್ತದೆ, ಸತ್ತೇಹೋಯಿತು ಅನ್ನಬೇಕು. ಅದೇ ಮರ ಬೇಸಿಗೆಯಲ್ಲಿ, ಒಂದು ಹನಿ ಮಳೆಯಿಲ್ಲದೆ, ಸುತ್ತಲಿನದ್ದೆಲ್ಲ ಸುಟ್ಟು ಬೂದಿ ಬಣ್ಣಕ್ಕೆ ತಿರುಗಿರುವಾಗ, ಹೊಸ ಎಲೆ ಬಿಟ್ಟುಕೊಂಡು ನಿಂತಿರುತ್ತದೆ. ಹುಣಸೆ ಚಿಗುರಿಗಿಂತ ಸಣ್ಣ ಎಲೆ, ನಡುನಡುವೆ ಮೋಟು ಮುಳ್ಳು, ಹಳದಿ ಹೂವಿನ ಗೊಂಚಲು, ಆಮೇಲೆ ತೆಳ್ಳಗೆ ಜೋತುಬೀಳುವ ಹಸಿರು ಕಾಯಿ. ಬೇರು ಅಷ್ಟು ಆಳಕ್ಕೆ ಇಳಿದಿರುತ್ತದೆ, ಮೇಲಿನ ಮಣ್ಣಲ್ಲಿ ನೀರಿದೆಯೋ ಇಲ್ಲವೋ ಅದಕ್ಕೆ ಲೆಕ್ಕವಿಲ್ಲ. ಅದಕ್ಕೇ ರೈತರು ಮರ ಕಡಿಯದೆ ಅದರ ಬುಡದಲ್ಲೇ ಬಾಜ್ರಾ ಬಿತ್ತುತ್ತಾರೆ. ಮರದ ಕೆಳಗಿನ ಬೆಳೆ ಬೇರೆ ಕಡೆಗಿಂತ ಚೆನ್ನಾಗಿಯೇ ಬರುತ್ತದಂತೆ.

ಆ ಎಳೆ ಕಾಯಿಯೇ ಸಾಂಗ್ರಿ. ಕುದಿಸಿ ಒಣಗಿಸಿಟ್ಟರೆ ವರ್ಷಗಟ್ಟಲೆ ಇರುತ್ತದೆ, ಅಂಗಡಿಯಲ್ಲಿ ಗೋಡಂಬಿಯ ಪಕ್ಕ ಗೋಡಂಬಿಯ ಗತ್ತಿನಲ್ಲೇ ಕೂತಿರುತ್ತದೆ. ಕೇರ್ ಅನ್ನುವ ಕಹಿ ಕಾಯಿಯ ಜೊತೆ ರಾತ್ರಿ ನೆನೆಹಾಕಿ, ಎಣ್ಣೆ, ಒಣಮೆಣಸು, ಆಮ್‌ಚೂರ್ ಹಾಕಿ ಪಲ್ಯ ಮಾಡುತ್ತಾರೆ. ನನ್ನಾಕೆ ಒಮ್ಮೆ ಅದಕ್ಕೆ ತೆಂಗಿನಕಾಯಿ ತುರಿ ಉದುರಿಸಿ, ಇಂಗು ಕರಿಬೇವಿನ ಒಗ್ಗರಣೆ ಕೊಟ್ಟು ಪಕ್ಕದ ಮನೆಗೆ ಕಳಿಸಿದಳು. ಪಾತ್ರೆ ಖಾಲಿಯಾಗಿ ವಾಪಸ್ ಬಂತು, ಅಭಿಪ್ರಾಯ ಬರಲಿಲ್ಲ.

ಈ ಮರಕ್ಕಾಗಿ ಜನ ಪ್ರಾಣ ಕೊಟ್ಟ ಜಾಗವೂ ಇಲ್ಲೇ ಹತ್ತಿರ. ಖೇಜಡ್ಲಿ ಅಂತ ಹಳ್ಳಿ, ಸ್ಕೂಟರಿನಲ್ಲಿ ಹೋಗಿಬರುವ ದೂರ. 1730ರಲ್ಲಿ ಅರಮನೆ ಕೆಲಸಕ್ಕೆ ಸುಣ್ಣ ಸುಡಲು ಸೌದೆ ಬೇಕು ಅಂತ ಮಹಾರಾಜ ಅಭಯಸಿಂಗನ ಕಡೆಯವರು ಬಂದಾಗ ಅಮೃತಾದೇವಿ ಮರ ತಬ್ಬಿ ನಿಂತಳು. ಅವಳನ್ನು ಸೇರಿಸಿ, ಹಸಿರು ಮರ ಕಡಿಯಬಾರದು ಅನ್ನುವ ನೇಮದ ಬಿಷ್ಣೋಯಿ ಪಂಥದ 363 ಜನ ಸತ್ತರು. ಸ್ಮಾರಕದ ಸುತ್ತ ಈಗ ಮರಗಳು ದಟ್ಟವಾಗಿವೆ, ನವಿಲುಗಳು ಓಡಾಡುತ್ತವೆ. ನಮ್ಮ ಪಠ್ಯಪುಸ್ತಕದಲ್ಲಿ ಅಪ್ಪಿಕೋ, ಚಿಪ್ಕೋ ಅಂತ ಓದುತ್ತೇವಲ್ಲ, ಅದಕ್ಕಿಂತ ಇನ್ನೂರೈವತ್ತು ವರ್ಷ ಹತ್ತಿರ ಹಿಂದಿನ ಮಾತು.

ಇದೇ ಮರದ ಹತ್ತಿರದ ನೆಂಟ ಬಳ್ಳಾರಿ ಜಾಲಿ. ಅಮೆರಿಕ ಕಡೆಯಿಂದ ಬಂದದ್ದು. ಹಸಿರು ಬರಲಿ ಅಂತ ಇಲ್ಲಿಯ ರಾಜರ ಕಾಲದಲ್ಲಿ ತಂದು ಬಿತ್ತಿದರು, ಅದು ಎಲ್ಲವನ್ನೂ ನುಂಗಿಕೊಂಡು ಹಬ್ಬಿತು. ಮೆಹ್ರಾನ್‌ಗಢ ಕೋಟೆಯ ಬುಡದಲ್ಲಿ ರಾವ್ ಜೋಧಾ ಪಾರ್ಕ್ ಮಾಡುವಾಗ ಬಂಡೆಯೊಳಗೆ ಹೊಕ್ಕ ಅದರ ಬೇರು ಕೀಳಲು ಕಲ್ಲುಗಣಿಯ ಕೆಲಸಗಾರರನ್ನೇ ಕರೆಸಬೇಕಾಯಿತು. ನಮ್ಮ ಬಯಲುಸೀಮೆಯಲ್ಲಿ ಕೆರೆ ಅಂಗಳ ತುಂಬಿಕೊಂಡದ್ದೂ ಇದೇ ಅಲ್ವಾ. ಬಯ್ಯುವ ವಿಷಯದಲ್ಲಿ ಬಳ್ಳಾರಿ, ಜೋಧಪುರ ಎರಡೂ ಒಂದೇ.

ನೀರಿನ ಕತೆ ತಲೆಕೆಳಗು. ಮರುಭೂಮಿ ಊರಲ್ಲಿ ನೀರಿಗೆ ಒದ್ದಾಟ ಅಂದುಕೊಂಡರೆ, ಹಳೇ ಪೇಟೆಯಲ್ಲಿ ನೆಲಮಾಳಿಗೆಗೆ ನೀರು ನುಗ್ಗಿ ಪಂಪು ಇಟ್ಟು ಖಾಲಿ ಮಾಡುತ್ತಾರೆ! ಇಂದಿರಾ ಗಾಂಧಿ ಕಾಲುವೆಯ ನೀರು, ಅಂದರೆ ಪಂಜಾಬಿನ ನದಿಗಳ ನೀರು, ಪಂಪಿನಿಂದ ಮೇಲೆತ್ತಿ ಹರಿಸುವ ಲಿಫ್ಟ್ ಕಾಲುವೆಯಲ್ಲಿ ಇಲ್ಲಿಗೆ ಬರತೊಡಗಿದ ಮೇಲೆ ಜನ ಹಳೇ ಬಾವಿ, ಮೆಟ್ಟಿಲುಬಾವಿಗಳನ್ನು ಕೈಬಿಟ್ಟರು. ಮೇಲಕ್ಕೆ ಎತ್ತುವವರಿಲ್ಲ, ಪೈಪು ಚರಂಡಿಗಳಿಂದ ಸೋರುವುದು ನಿಲ್ಲುವುದಿಲ್ಲ, ನೆಲದಡಿಯ ನೀರು ಏರುತ್ತಾ ಬಂತು. ತೂರ್‌ಜಿ ಕಾ ಝಾಲ್ರಾ ಅನ್ನುವ 1740ರ ದಶಕದ ಮೆಟ್ಟಿಲುಬಾವಿಯನ್ನು ಹೂಳೆತ್ತಿ ಚೊಕ್ಕ ಮಾಡಿದ್ದಾರೆ. ಸಂಜೆ ಹೋಗಿ ಕೂರಲು ನನಗೆ ಇಷ್ಟದ ಜಾಗ. ಮೇಲಿನಿಂದ ಹುಡುಗರು ಧುಮುಕುತ್ತಾರೆ, ಅವರ ಅಮ್ಮಂದಿರು ನೋಡಿದರೆ ಎದೆ ಒಡೆದುಕೊಳ್ಳಬೇಕು.

ಸಂಜೆ ಅಂದೆನಲ್ಲ, ಅದೂ ಇಲ್ಲಿ ತಡ. ಜೂನ್‌ನಲ್ಲಿ ಏಳೂವರೆಗೆ ಸೂರ್ಯ ಮುಳುಗುತ್ತಾನೆ, ಜನವರಿಯಲ್ಲಿ ಬೆಳಗ್ಗೆ ಏಳೂವರೆ ತನಕ ಏಳುವುದಿಲ್ಲ. ದೇಶಕ್ಕೆಲ್ಲ ಒಂದೇ ಗಡಿಯಾರ, ನಾವು ಪಶ್ಚಿಮದ ಅಂಚಿನ ಹತ್ತಿರ. ಆರಕ್ಕೆ ವಾಕಿಂಗ್ ಹೋಗುವ ಹಳೇ ಅಭ್ಯಾಸ ಚಳಿಗಾಲದಲ್ಲಿ ಬಿಟ್ಟೇಹೋಯಿತು. ಕತ್ತಲು, ಜೊತೆಗೆ ಕೊರೆಯುವ ಚಳಿ. ಮರುಭೂಮಿಯಲ್ಲಿ ಸ್ವೆಟರ್ ಬೇಕು ಅಂದರೆ ಊರಿನಲ್ಲಿ ಈಗಲೂ ಯಾರೂ ನಂಬುವುದಿಲ್ಲ.

ಬರುವವರಿದ್ದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ ಬನ್ನಿ. ಆ ಹೊತ್ತಿಗೆ ಫಲೋದಿ ಹತ್ತಿರದ ಖೀಚನ್‌ನಲ್ಲಿ ಮಧ್ಯ ಏಷ್ಯಾದಿಂದ ಬಂದ ಕುರ್ಜಾ ಕೊಕ್ಕರೆಗಳು ಸಾವಿರಗಟ್ಟಲೆ ಇಳಿದಿರುತ್ತವೆ, ಊರವರು ಕಾಳು ಹಾಕಿ ಸಾಕುತ್ತಾರೆ. ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು. ಬರುವಾಗ ಸಿಪ್ಪೆ ಸಮೇತ ಒಂದೆರಡು ತೆಂಗಿನಕಾಯಿ ತನ್ನಿ. ಸುಲಿದದ್ದು ಬೇಡ, ಇಲ್ಲಿಯ ಗಾಳಿಗೆ ಬೇಗ ಕೊಬ್ಬರಿಯಾಗುತ್ತದೆ.