ಶೇಂಗಾ ಪೇಸ್ಟ್: ಹುರಿಯುವ ಮೊದಲೇ ನೋಡಬೇಕಾದ್ದು

ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಕೊಡುವ ಶೇಂಗಾ ಪೇಸ್ಟಿನ ಬಗ್ಗೆ ಎಲ್ಲರೂ ಮೊದಲು ಕೇಳುವುದು ಕ್ಯಾಲರಿ ಎಷ್ಟು ಅಂತ. 100 ಗ್ರಾಮಿಗೆ 520ರಿಂದ 550. ಶೇಂಗಾ, ಹಾಲಿನ ಪುಡಿ, ಸಕ್ಕರೆ ಹೆಚ್ಚುಕಮ್ಮಿ ಕಾಲು ಕಾಲು ಭಾಗ, ಮೇಲೆ ಎಣ್ಣೆ, 100 ಕೆಜಿಗೆ 1.6 ಕೆಜಿ ವಿಟಮಿನ್-ಖನಿಜದ ಪುಡಿ. ಈ ಲೆಕ್ಕ ತಪ್ಪುವುದು ಅಪರೂಪ. ಕಾರವಾರದ ತೇವದ ಗಾಳಿಯಲ್ಲಿ ಹೆದರಬೇಕಾದ್ದು ಬೂಷ್ಟಿಗೆ.

ಅಂಕೋಲಾ, ಕುಮಟಾ ಕಡೆ ಭತ್ತ ಕೊಯ್ದ ಗದ್ದೆಯಲ್ಲೇ ಶೇಂಗಾ ಹಾಕುತ್ತಾರೆ. ಕಿತ್ತ ಮೇಲೆ ಮಳೆ ಬಂತೆಂದರೆ ಒಣಗಿಸುವುದೇ ಕಷ್ಟ. ಕಾಳಿನ ತೇವ ಶೇಕಡಾ 7ರ ಆಸುಪಾಸಿಗೆ ಇಳಿಯಲೇಬೇಕು. ಹಸಿಯಾಗಿಯೇ ಚೀಲ ಕಟ್ಟಿದರೆ ಒಳಗೆ ಆಸ್ಪರ್ಜಿಲಸ್ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಹುರಿದರೆ ಬೂಷ್ಟು ಸಾಯುತ್ತದೆ. ವಿಷ ಒಂದಷ್ಟು ಕಡಿಮೆಯಾದೀತು, ಪೂರ್ತಿ ಹೋಗದು. ಮಿತಿಯೋ ಕಿಲೋಗೆ 10 ಮೈಕ್ರೋಗ್ರಾಮ್!

ಹಾಗಾಗಿ ಸಿಪ್ಪೆ ತೆಗೆದು ಆರಿಸುವ ಮೇಜೇ ಈ ಕೆಲಸದ ಜೀವ. ಕೆಂಪು ಸಿಪ್ಪೆ ಹೋದ ಮೇಲೆ ಕಪ್ಪಿಟ್ಟಿದ್ದು, ಮುರುಟಿದ್ದು, ಹುಳ ಕೊರೆದದ್ದು ಕಣ್ಣಿಗೆ ಬೀಳುತ್ತದೆ. ಅನುಮಾನ ಬಂದ ಕಾಳನ್ನು ಎರಡು ಬೇಳೆ ಮಾಡಿ ನೋಡಿ: ನಡುವಿನ ಸಂದಿಯಲ್ಲಿ ಹಸಿರು-ಹಳದಿ ಪುಡಿ ಇದ್ದರೆ ಆ ಚೀಲವನ್ನೇ ಪಕ್ಕಕ್ಕಿಡಿ. ತೆಗೆದದ್ದನ್ನು ಗಾಣಕ್ಕೂ ಕೊಡಬಾರದು, ದನಕ್ಕೂ ಹಾಕಬಾರದು. ಹಸು ತಿಂದ ವಿಷ ಹಾಲಿಗೆ ಇಳಿಯುತ್ತದೆ, ಆ ಹಾಲು ಕುಡಿಯುವವರೂ ಮಕ್ಕಳೇ.

ಪರೀಕ್ಷೆಗೆ ಚೀಲದ ಬಾಯಿಂದ ಒಂದು ಹಿಡಿ ಕಳಿಸಿ ‘ಪಾಸ್’ ಅಂದುಕೊಳ್ಳುವುದು ದೊಡ್ಡ ತಪ್ಪು. ವಿಷ ಕೆಲವೇ ಕಾಳುಗಳಲ್ಲಿ ಗುಂಪಾಗಿರುತ್ತದೆ. ಅದಕ್ಕೇ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಶೇಂಗಾಕ್ಕೆ 20 ಕೆಜಿ ಮಾದರಿ ಹೇಳುತ್ತದೆ: ಬೇರೆ ಬೇರೆ ಚೀಲದಿಂದ ತೆಗೆದು, ಅಷ್ಟನ್ನೂ ಅರೆದು ಬೆರೆಸಿ, ಆಮೇಲೆ ಪರೀಕ್ಷೆ.

ಹುರಿದಾದ ನಂತರದ ಕೆಲಸ ನಡೆಯುವ ಕೋಣೆಗೆ ನೀರು ಬೇಡ. ಪೇಸ್ಟಿನ ತೇವ ಶೇಕಡಾ 2.5ರೊಳಗೆ ಇರುವುದರಿಂದ ಭೇದಿ ತರುವ ಸಾಲ್ಮೊನೆಲ್ಲಾ ರೋಗಾಣು ಬೆಳೆಯುವುದಿಲ್ಲ, ಆದರೆ ತಿಂಗಳುಗಟ್ಟಲೆ ಬದುಕಿರುತ್ತದೆ. ಹಸಿ ಕಾಳು ಮುಟ್ಟಿದ ಮೊರ, ಚಪ್ಪಲಿ, ಪೊರಕೆ ಇತ್ತ ಬರಕೂಡದು. ನೆಲಕ್ಕೆ ಒಣ ಬ್ರಷ್, ಒದ್ದೆ ಬಟ್ಟೆಯಲ್ಲ.

ವಿಟಮಿನ್-ಖನಿಜದ ಪುಡಿಯನ್ನು ಮೊದಲು ಐದಾರು ಪಟ್ಟು ಸಕ್ಕರೆಯಲ್ಲಿ ಕಲಸಿ, ಪೇಸ್ಟ್ ಆರಿದ ಮೇಲೆ ಸೇರಿಸಿ. ಇಲ್ಲವಾದರೆ ಒಂದು ಪೊಟ್ಟಣಕ್ಕೆ ಸತುವು ಜಾಸ್ತಿ, ಇನ್ನೊಂದಕ್ಕೆ ಏನೂ ಇಲ್ಲ.

ಮನೆಯವರಿಗೆ ಕೊಡುವಾಗ ಇಷ್ಟು ಹೇಳಿ: ಗಂಜಿಗೆ ಕಲಸಿಡಬೇಡಿ, ನೀರು ಬೆರೆತ ಕೂಡಲೇ ರೋಗಾಣುವಿಗೆ ದಾರಿಯಾಗುತ್ತದೆ. ಪೊಟ್ಟಣದಿಂದಲೇ ತಿನ್ನಿಸಿ, ಕುದಿಸಿ ಆರಿಸಿದ ನೀರನ್ನು ಬೇರೆಯಾಗಿ ಕುಡಿಸಿ; ಎದೆಹಾಲು ಕುಡಿಯುವ ಮಗುವಿಗೆ ಮೊದಲು ಎದೆಹಾಲು.