ತಕ್ಕಡಿ ಒಪ್ಪಿದರೂ ಕೈ ಒಪ್ಪದ ಪಿಸ್ತೂಲು: .45 ಪಾಲಿಮರ್ ಮಾದರಿಯ ಕಡತ

.45 ಬೋರಿನ, ಪಾಲಿಮರ್ (ಪ್ಲಾಸ್ಟಿಕ್ ಜಾತಿಯ) ಮೈಯ ಗ್ಲಾಕ್ 21 ಪಿಸ್ತೂಲಿನ ನಿಜಗಾತ್ರದ ತೂಕದ ಮಾದರಿಯು ಕೊನೆಗೂ ಲೆಕ್ಕ ಹೇಳಿದ ಜಾಗದಲ್ಲೇ ಸಮತೋಲಕ್ಕೆ ಬಂದು ನಿಂತಿದೆ. ಹೊರಮೈ ಕೆತ್ತುವುದು, ಅರ ಹಾಕುವುದು, ಪುಟ್ಟಿ ತುಂಬಿ ಪಾಲಿಶ್ ಪೇಪರ್ ತಿಕ್ಕುವುದು ಇವೆಲ್ಲ ಮಾದರಿ ಮಾಡುವವರಿಗೆ ಗೊತ್ತಿರುವ ಕೆಲಸಗಳಾದ್ದರಿಂದ ಅವುಗಳನ್ನು ಇಲ್ಲಿ ಬಿಟ್ಟಿದ್ದೇನೆ. ಈ ಕಂತು ಪೂರ್ತಿಯಾಗಿ ಒಂದೇ ತೊಡಕಿಗೆ ಮೀಸಲು: ತಕ್ಕಡಿಯ ಮೇಲೆ ಗ್ರಾಂ ಗ್ರಾಂ ಲೆಕ್ಕ ಸರಿಹೋಗುತ್ತಿದ್ದ ವಸ್ತು ಕೈಗೆ ಬಂದ ಕೂಡಲೇ ಸುಳ್ಳು ಹೇಳುತ್ತಿದ್ದುದೇಕೆ?

ಹೊಸಬರಿಗಾಗಿ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಬೋರು ಎಂದರೆ ನಳಿಕೆಯ ತೂತಿನ ಅಗಲ, .45 ಎಂಬುದು ಇಂಚಿನ ಲೆಕ್ಕ, ಸುಮಾರು 11.4 ಮಿ.ಮೀ. ಇಂಥ ದೊಡ್ಡ ಬೋರಿನ ಪಿಸ್ತೂಲಿಗೆ ಪಾಲಿಮರ್ ಫ್ರೇಮ್ (ಹಿಡಿಕೆಯೂ ಸೇರಿದ ಕೆಳಮೈ) ಒಳ್ಳೆಯದೋ ಉಕ್ಕಿನ ಫ್ರೇಮ್ ಒಳ್ಳೆಯದೋ ಎಂಬ ವಾದವು ನಮ್ಮ ಧಾರವಾಡದ ಗೆಳೆಯರ ಕೂಟದಲ್ಲಿ ಚಹಾ ಆರಿದರೂ ಆರುವುದಿಲ್ಲ. ನಮ್ಮ ದೇಶದಲ್ಲಿ .45 ರಿಮ್‌ಲೆಸ್ ಕಾಡತೂಸು 9 ಮಿ.ಮೀ.ನಂತೆಯೇ ನಿಷಿದ್ಧ ಬೋರಿನ ಪಟ್ಟಿಯಲ್ಲಿದೆ, ಪರವಾನಗಿ ಪಡೆದ ಸಾಮಾನ್ಯ ನಾಗರಿಕನ ಪಾಲಿಗೆ ಹೆಚ್ಚಾಗಿ ಬರುವುದು .32 ಬೋರು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯೂ 7.62ರಿಂದ 9.65 ಮಿ.ಮೀ.ವರೆಗಿನ ಬೋರನ್ನಷ್ಟೇ ಒಪ್ಪುವುದರಿಂದ ಕ್ರೀಡೆಯ ಬಾಗಿಲಿನಿಂದಲೂ .45 ಒಳಗೆ ಬರುವಂತಿಲ್ಲ. ಆದ್ದರಿಂದ ವಾದವನ್ನು ಕೈಯಿಂದ ತೂಗಿ ನೋಡಲು ನನಗೆ ಉಳಿದಿದ್ದ ದಾರಿ ಒಂದೇ: ಉಕ್ಕಿನ ಕೋಲ್ಟ್ 1911 ಮತ್ತು ಪಾಲಿಮರಿನ ಗ್ಲಾಕ್ 21 ಎರಡರ ಆಕಾರ, ತೂಕ, ತೂಕದ ಹಂಚಿಕೆಗಳನ್ನು ಮಾತ್ರ ಅನುಸರಿಸುವ ಗಟ್ಟಿ ಮಾದರಿಗಳನ್ನು ಮಾಡುವುದು. ಇವುಗಳಲ್ಲಿ ನಳಿಕೆಯ ತೂತಿಲ್ಲ, ಚಲಿಸುವ ಭಾಗವಿಲ್ಲ, ಸ್ಲೈಡೂ (ಅಸಲಿಯಲ್ಲಿ ಹಿಂದೆ ಮುಂದೆ ಸರಿಯುವ ಮೇಲ್ಭಾಗ) ಫ್ರೇಮೂ ಒಂದಕ್ಕೊಂದು ಬೆಸೆದ ದಿಮ್ಮಿಗಳು. ಮೂತಿಗೆ ಕಿತ್ತಳೆ ಬಣ್ಣ ಬಳಿದಿದ್ದೇನೆ. ಹೀಗಿದ್ದೂ ಪಕ್ಕದ ಮನೆಯ ಅಜ್ಜಿ ನನ್ನನ್ನು ಈಗಲೂ ಸಂಶಯದಿಂದಲೇ ನೋಡುತ್ತಾರೆ.

1911ರ ಮಾದರಿ ಸಲೀಸಾಗಿ ಮುಗಿದಿತ್ತು. ಜಾನ್ ಬ್ರೌನಿಂಗ್ ರೂಪಿಸಿದ, ಅಮೆರಿಕದ ಸೇನೆ 1911ರಲ್ಲಿ ಸ್ವೀಕರಿಸಿದ ಆ ಪಿಸ್ತೂಲಿನ ಮೈಯೆಲ್ಲ ಉಕ್ಕು. ಖಾಲಿ ಇದ್ದಾಗಲೇ ಸುಮಾರು 1,100 ಗ್ರಾಂ ತೂಗುವ ಅದರ ಭಾರವು ಮೇಲಿನ ಸ್ಲೈಡಿಗೂ ಕೆಳಗಿನ ಫ್ರೇಮಿಗೂ ಹಂಚಿಕೊಂಡಿರುತ್ತದೆ. ಸಾಗವಾನಿಯ ಮೈಯೊಳಗೆ ಎಂ.ಎಸ್. (ಮೆದು ಉಕ್ಕಿನ) ಪಟ್ಟಿಗಳನ್ನು ಕೂರಿಸಿ, ಒಂದೆರಡು ಸಲ ಹಿಂದೆ ಮುಂದೆ ಸರಿಸಿದರೆ ಸಮತೋಲ ತಾನಾಗಿ ಕೂಡಿಬರುತ್ತದೆ.

ಪಾಲಿಮರ್ ಪಿಸ್ತೂಲಿನ ಮನೋಧರ್ಮವೇ ಬೇರೆ. ಫ್ರೇಮಿಗೆ ಪಾಲಿಮರ್ ಬಳಸುವ ಯೋಚನೆ ಹಳೆಯದು. ಜರ್ಮನಿಯ ಹೆಕ್ಲರ್ ಆ್ಯಂಡ್ ಕಾಕ್ ಕಂಪನಿಯ ವಿಪಿ 70 ಎಂಬ 9 ಮಿ.ಮೀ. ಪಿಸ್ತೂಲು 1970ರಲ್ಲೇ ಅದನ್ನು ಮಾಡಿ ತೋರಿಸಿತ್ತು, 1982ರಲ್ಲಿ ಆಸ್ಟ್ರಿಯಾದ ಸೇನೆ ಗ್ಲಾಕ್ 17ನ್ನು ಆರಿಸಿಕೊಂಡ ಮೇಲೆ ಅದು ಜಗತ್ತಿನ ರೂಢಿಯಾಯಿತು. ನೈಲಾನ್ ಜಾತಿಯ ಪಾಲಿಮರಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.1 ಗ್ರಾಮಿನ ಆಸುಪಾಸು, ಗಾಜಿನ ಎಳೆ ಬೆರೆಸಿದರೆ ಇನ್ನೂ ತುಸು ಹೆಚ್ಚು. ಉಕ್ಕಿನದು 7.85. ಅಂದರೆ ಫ್ರೇಮಿನ ತೂಕ ನಗಣ್ಯವೆನ್ನುವಷ್ಟು ಇಳಿದು, ಸ್ಲೈಡ್ ಮತ್ತು ನಳಿಕೆಗಳು ಮಾತ್ರ ಉಕ್ಕಾಗಿಯೇ ಉಳಿಯುತ್ತವೆ. ಪಾಲಿಮರ್ ಪಿಸ್ತೂಲು ಎಕ್ಸ್‌ರೇ ಯಂತ್ರಕ್ಕೆ ಕಾಣುವುದಿಲ್ಲವೆಂಬ ಹಳೆಯ ಪುಕಾರು ಇದೇ ಕಾರಣಕ್ಕೆ ಹುಸಿ, ಏಕೆಂದರೆ ಮೇಲ್ಭಾಗವೆಲ್ಲ ಉಕ್ಕೇ ಆಗಿರುವ ವಸ್ತು ಯಂತ್ರದ ಕಣ್ಣಿಗೆ ಬೀಳದಿರಲು ಸಾಧ್ಯವೇ ಇಲ್ಲ.

ನನ್ನ ತೊಡಕು ಹುಟ್ಟಿದ್ದು ರೆಸಿನ್ ಡಬ್ಬಿಯಲ್ಲಿ. ನೈಲಾನಿಗೆ ಸಾಂದ್ರತೆಯಲ್ಲಿ ಹತ್ತಿರವಿರುವ ಪಾಲಿಯುರೆಥೇನ್ ರೆಸಿನ್ನಿನಲ್ಲಿ ತೆಳು ಗೋಡೆಯ ಹಿಡಿಕೆಯನ್ನು ಎರಕ ಹೊಯ್ಯುವುದು ಯೋಜನೆಯಾಗಿತ್ತು. ಆ ರೆಸಿನ್ನಿಗೂ ನೀರಿಗೂ ಹಾವು ಮುಂಗುಸಿಯ ಸಂಬಂಧ. ತೇವ ಸೋಕಿದರೆ ಅದರೊಳಗೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ನೊರೆ ಏಳುತ್ತದೆ. ಧಾರವಾಡದ ಜುಲೈ ತಿಂಗಳ ಜಿಟಿಜಿಟಿಯಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ ಎಂಬುದು ನಿಜ. ಆದರೆ ನನಗೆ ಬಂದ ಡಬ್ಬಿಯ ಮುಚ್ಚಳದ ಸೀಲು ಮೊದಲೇ ಸಡಿಲವಾಗಿತ್ತು, ತಯಾರಿಯ ತಿಂಗಳನ್ನು ಹೇಳುವ ಚೀಟಿಯನ್ನು ಯಾರೋ ಅಚ್ಚುಕಟ್ಟಾಗಿ ಉಗುರಿನಿಂದ ಕೆರೆದಿದ್ದರು. ಮಾರಿದವರಿಗೆ ಫೋನು ಮಾಡಿದಾಗ, ‘ನಿಮ್ಮ ಕಡೆ ಹವಾ ಥಂಡಿ ಅದರಿ ಸರ್, ನಮ್ಮ ಮಾಲು ಚೊಲೋ ಅದ’ ಎಂಬ ಉತ್ತರ ಬಂತು. ಚೊಲೋ ಮಾಲಿನ ತೆಳು ಗೋಡೆಗಳು ಬ್ರೆಡ್ಡಿನಂತೆ ಉಬ್ಬಿ, ಅಚ್ಚಿನಿಂದ ಬಿಡಿಸುವಾಗಲೇ ಚೂರಾದವು. ದಪ್ಪ ಗೋಡೆಯ ಎರಕ ಮಾತ್ರ ನಿಂತಿತು.

ದಪ್ಪ ಗೋಡೆಯ ಹಿಡಿಕೆ ಎಂದರೆ ಕೆಳಗಡೆ ಹೆಚ್ಚಿನ ತೂಕ. ಖಾಲಿ ಮ್ಯಾಗಜೀನ್ (ಹಿಡಿಕೆಯೊಳಗೆ ಕೂರುವ ಕಾಡತೂಸಿನ ಡಬ್ಬಿ) ಸಹಿತ ಒಟ್ಟು ತೂಕವನ್ನು ಅಸಲಿಯ ಸುಮಾರು 830 ಗ್ರಾಮಿಗೆ ತರಬೇಕಾದರೆ ಆ ಹೆಚ್ಚಿಗೆಯನ್ನು ಸ್ಲೈಡಿನಿಂದಲೇ ಕಳೆಯಬೇಕು. ಸ್ಲೈಡಿನ ದಿಮ್ಮಿಯನ್ನು ಪೂರ್ತಿ ಉಕ್ಕಿನಲ್ಲಿ ಮಾಡಿದರೆ ಒಂದು ಕಿಲೋದ ಹತ್ತಿರ ಹೋಗುತ್ತದೆ, ಅಲ್ಯೂಮಿನಿಯಮ್ಮಿನಲ್ಲಿ ಮಾಡಿದರೆ ಅದರ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಅಲ್ಯೂಮಿನಿಯಂ ಮೈಗೆ ಸಣ್ಣ ಉಕ್ಕಿನ ಪಟ್ಟಿ ಸೇರಿಸಿದಾಗ ತಕ್ಕಡಿಯ ಮುಳ್ಳು ಸರಿಯಾಗಿ ನಿಂತಿತು. ಗೌಂಡಿಗಳು ಬಳಸುವ ತೂಗುಗುಂಡಿನ ದಾರದ ಪಕ್ಕದಲ್ಲಿ ಮಾದರಿಯನ್ನು ಬೇರೆ ಬೇರೆ ಮೂಲೆಗಳಿಂದ ತೂಗುಬಿಟ್ಟು ಗೆರೆ ಎಳೆದಾಗ ಮಾತ್ರ ಬಣ್ಣ ಬಯಲಾಯಿತು: ಗೆರೆಗಳು ಕೂಡುವ ಗುರುತ್ವಕೇಂದ್ರವು ಹಿಡಿಕೆಯೊಳಗೆ ಬಹಳ ಕೆಳಗೆ ಕುಳಿತಿತ್ತು. ಕೈಯಲ್ಲಿ ಹಿಡಿದರೆ ಮಾದರಿಯು ಸಾಧು ಎತ್ತಿನ ಹಾಗೆ ಅಲುಗದೆ ನಿಲ್ಲುತ್ತಿತ್ತು. ದೊಡ್ಡ ಬೋರಿನ ಪಾಲಿಮರ್ ಪಿಸ್ತೂಲಿನ ಮೇಲೆ ಇರುವ ಮುಖ್ಯ ದೂರೇ ಅದು ಹಾಗೆ ನಿಲ್ಲುವುದಿಲ್ಲ ಎಂಬುದು. ಆ ದೂರನ್ನೇ ಅಳಿಸಿಹಾಕುವ ಮಾದರಿಯಿಂದ ಯಾವ ವಾದವನ್ನು ತೀರ್ಮಾನಿಸಲು ಬಂದೀತು?

ಪರಿಹಾರ ಸಿಕ್ಕಿದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ. ಯಂತ್ರಗಳ ಬುಷ್ ಮಾಡಲು ಬಳಸುವ ನೈಲಾನ್ ಹಲಗೆ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ರೆಸಿನ್ನಿನ ಜಂಜಾಟವನ್ನೇ ಬಿಟ್ಟು, ಅಸಲಿಯ ಫ್ರೇಮು ಯಾವ ಜಾತಿಯ ವಸ್ತುವೋ ಅದೇ ಜಾತಿಯ ಹಲಗೆಯಲ್ಲಿ ಎಡ ಬಲ ಎರಡು ಚಿಪ್ಪುಗಳನ್ನು ಕೊರೆದು, ನೈಲಾನಿಗೆ ಅಂಟು ಸರಿಯಾಗಿ ಹತ್ತದ ಕಾರಣ ಸ್ಕ್ರೂ ಹಾಕಿ ಜೋಡಿಸಿದೆ. ಅಂಗಡಿಯವರು ಅಂಗೈಯಗಲದ ತುಂಡು ಕೊಡಲು ಒಪ್ಪದೆ ಇಡೀ ಹಲಗೆಯನ್ನೇ ತೂಕಕ್ಕೆ ಹಾಕಿದರು, ಅದರ ಮೇಲೆ ಕೊಯ್ದ ಕೂಲಿ ಬೇರೆ. ಈಗ ನನ್ನ ಬಳಿ ಇರುವ ನೈಲಾನಿನಲ್ಲಿ ಇಡೀ ಓಣಿಯ ಗೇಟುಗಳಿಗೆ ಬುಷ್ ಮಾಡಿಕೊಡಬಹುದು. ಹಿಡಿಕೆ ಹಗುರಾದ ಮೇಲೆ ಸ್ಲೈಡಿನೊಳಕ್ಕೆ ಉಕ್ಕನ್ನು ಧಾರಾಳವಾಗಿ ತುಂಬಲು ಅವಕಾಶವಾಯಿತು, ಗುರುತ್ವಕೇಂದ್ರ ಮೇಲೇರಿತು.

ಕಾಡತೂಸುಗಳ ತೂಕಕ್ಕೆ ಟೈರ್ ಅಂಗಡಿಯಲ್ಲಿ ಚಕ್ರದ ಬ್ಯಾಲೆನ್ಸಿಂಗಿಗೆ ಅಂಟಿಸುವ 5 ಗ್ರಾಮಿನ ಬಿಲ್ಲೆಗಳನ್ನು ಬಳಸಿದ್ದೇನೆ. 230 ಗ್ರೇನಿನ ಗುಂಡು ಎಂದರೆ 14.9 ಗ್ರಾಂ, ಕೊಳವೆ ಮದ್ದು ಎಲ್ಲ ಸೇರಿ ಒಂದು .45 ಕಾಡತೂಸು ಸುಮಾರು 21 ಗ್ರಾಂ ತೂಗುತ್ತದೆ. ನಾಲ್ಕು ಬಿಲ್ಲೆಗೆ ಒಂದಿಷ್ಟು ಟೇಪು ಸುತ್ತಿದರೆ ಒಂದು ಕಾಡತೂಸಿನ ತೂಕ ಸಿದ್ಧ. ಗ್ಲಾಕಿನ ಮ್ಯಾಗಜೀನಿಗೆ ಅಂಥವು 13, 1911ಕ್ಕೆ 7.

ಹೀಗೆ ಒಂದೊಂದೇ ಕಟ್ಟನ್ನು ತೆಗೆಯುತ್ತ ತೂಗುಬಿಟ್ಟು ನೋಡಿದಾಗ ಪಾಲಿಮರಿನ ನಿಜವಾದ ಗುಣಾವಗುಣ ಕಣ್ಣಿಗೆ ಬಿತ್ತು. ತುಂಬಿದ ಗ್ಲಾಕ್ ಸುಮಾರು 1,100 ಗ್ರಾಂ, ಅಂದರೆ ಖಾಲಿ 1911ರಷ್ಟು. ಅದರ ಕಾಲುಭಾಗದಷ್ಟು ತೂಕ ಹಿಡಿಕೆಯಲ್ಲಿರುವ ಕಾಡತೂಸುಗಳದ್ದೇ. ಅವು ಖರ್ಚಾಗುತ್ತ ಹೋದಂತೆ ಗುರುತ್ವಕೇಂದ್ರ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ, 1911ರಲ್ಲಿ ಸರಿಯುವುದು ಅದರ ಅರ್ಧದಷ್ಟು. ನಮ್ಮ ಕೂಟದ ಮಾಜಿ ಸೈನಿಕರೊಬ್ಬರು ಖಾಲಿ ಮಾದರಿಯನ್ನು ಹಿಡಿದು, ‘ತುಂಬಿದಾಗ ಮರ್ಯಾದಿಲೆ ಕುಂತಿತ್ತು, ಖಾಲಿ ಆದಕೂಡ್ಲೆ ಮೂಗು ಕೆಳಗ ಹಾಕ್ತದ ನೋಡ್ರಿ’ ಎಂದರು. ಈ ಪುಟಗಳಲ್ಲಿ ನಾನು ಹೇಳುತ್ತಿರುವುದನ್ನೆಲ್ಲ ಅವರು ಒಂದೇ ಉಸಿರಿಗೆ ಮುಗಿಸಿದ್ದರು.

ಒದೆತದ ಲೆಕ್ಕವೂ ಇದೇ ಕಡೆಗೆ ಬೆರಳು ಮಾಡುತ್ತದೆ. 14.9 ಗ್ರಾಮಿನ ಗುಂಡು ಸೆಕೆಂಡಿಗೆ ಸುಮಾರು 255 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ ಸುಮಾರು 3.8 ಕಿಲೋಗ್ರಾಂ ಮೀಟರ್ ಪ್ರತಿ ಸೆಕೆಂಡ್. ಮದ್ದಿನ ಅನಿಲದ ಪಾಲನ್ನು ಸದ್ಯ ಬದಿಗಿಡೋಣ. ಸಂವೇಗ ಇಷ್ಟೇ ಇದ್ದರೂ ಹಿಂದೆ ಬರುವ ಶಕ್ತಿ ಪಿಸ್ತೂಲಿನ ತೂಕದ ಮೇಲೆ ನಿಂತಿದೆ. ತುಂಬಿದ ಗ್ಲಾಕಿಗೆ ಅದು 6.6 ಜೂಲ್, ಕೊನೆಯ ಕಾಡತೂಸಿಗೆ 8.5 ಜೂಲ್. 1911ಕ್ಕೆ ಮೊದಲಿಗೆ 5.8, ಕೊನೆಗೆ 6.4. ಒಂದರಲ್ಲಿ ಏರಿಕೆ ಶೇ 29ರಷ್ಟು, ಇನ್ನೊಂದರಲ್ಲಿ ಶೇ 11ರಷ್ಟು. ಹಗುರ ಪಿಸ್ತೂಲು ಹೆಚ್ಚು ಒದೆಯುತ್ತದೆ ಎಂದಷ್ಟೇ ಹೇಳಿ ವಾದ ಮುಗಿಸುವವರು ಈ ಏರಿಕೆಯನ್ನು ಗಮನಿಸುವುದಿಲ್ಲ. ಶೂಟರಿನ ಕೈ ಮೊದಲ ಕಾಡತೂಸಿಗೆ ಹೊಂದಿಕೊಳ್ಳುವ ಪಿಸ್ತೂಲೇ ಬೇರೆ, ಕೊನೆಯ ಕಾಡತೂಸಿಗೆ ಎದುರಾಗುವ ಪಿಸ್ತೂಲೇ ಬೇರೆ. ಪಾಲಿಮರ್ ಬಾಗಿ ಒದೆತವನ್ನು ನುಂಗುತ್ತದೆ ಎಂಬ ಇನ್ನೊಂದು ಮಾತೂ ಕೂಟದಲ್ಲಿ ಓಡಾಡುತ್ತದೆ. ಬಾಗುವಿಕೆಯಿಂದ ಒದೆತ ತುಸು ಹೆಚ್ಚು ಹೊತ್ತಿನ ಮೇಲೆ ಹರಡಿ ಮೃದುವಾಗಿ ತೋರಬಹುದು, ಆದರೆ ಸಂವೇಗದಲ್ಲಿ ಒಂದು ಕಣವೂ ಕಡಿಮೆಯಾಗುವುದಿಲ್ಲ. ಹೆಕ್ಲರ್ ಆ್ಯಂಡ್ ಕಾಕ್‌ನವರಂತೂ ತಮ್ಮ ಪಾಲಿಮರ್ ಯುಎಸ್‌ಪಿ ಪಿಸ್ತೂಲಿನೊಳಗೆ ಒದೆತ ತಗ್ಗಿಸಲು ಬೇರೆಯೇ ಸ್ಪ್ರಿಂಗ್ ಇಟ್ಟಿದ್ದಾರೆ.

ಹಿಡಿಕೆಯ ದಪ್ಪದ ದೂರನ್ನು ಮಾತ್ರ ಪಾಲಿಮರಿನ ತಲೆಗೆ ಕಟ್ಟುವುದು ಅನ್ಯಾಯ. .45 ಕಾಡತೂಸಿನ ಉದ್ದ 32.4 ಮಿ.ಮೀ., 9 ಮಿ.ಮೀ. ಕಾಡತೂಸಿನದು 29.7. ತಳದ ಅಗಲವೂ 10ರ ಬದಲು 12 ಮಿ.ಮೀ. ದಾಟುತ್ತದೆ. ಅವುಗಳನ್ನು ಎರಡು ಸಾಲಿನಲ್ಲಿ ಒತ್ತಿ ಕೂರಿಸಿದರೆ ಹಿಡಿಕೆ ದಪ್ಪವಾಗದೆ ಇನ್ನೇನಾದೀತು? ಉಕ್ಕಿನಲ್ಲಿ ಅದೇ ಎರಡು ಸಾಲನ್ನು ಮಾಡಿ ಮೇಲೆ ಮರದ ಪಟ್ಟಿಗಳನ್ನೂ ಕೂರಿಸಿದರೆ ಹಿಡಿಕೆ ಇನ್ನೂ ದಪ್ಪವಾಗುತ್ತಿತ್ತು. ಪಾಲಿಮರಿನಲ್ಲಿ ಗೋಡೆಯೇ ಹಿಡಿಕೆಯಾಗಿರುವುದರಿಂದ ಆ ಪಟ್ಟಿಗಳು ಬೇಕಾಗುವುದೇ ಇಲ್ಲ. ಅಷ್ಟಾಗಿಯೂ ನನ್ನ ಅಂಗೈಗೆ ಗ್ಲಾಕ್ 21ರ ಹಿಡಿಕೆ ಇಟ್ಟಿಗೆಯ ತುಂಡೇ, ತೋರುಬೆರಳು ಟ್ರಿಗರನ್ನು ಮುಟ್ಟಲು ಮಣಿಕಟ್ಟನ್ನು ತಿರುಚಬೇಕು. ಕಂಪನಿಯವರು ಆಮೇಲೆ ತಂದ ಎಸ್‌ಎಫ್ (ಶಾರ್ಟ್ ಫ್ರೇಮ್) ರೂಪದಲ್ಲಿ ಹಿಡಿಕೆಯ ಬೆನ್ನಿನಿಂದ ಟ್ರಿಗರಿನವರೆಗಿನ ಅಂತರವನ್ನು ಸುಮಾರು 2.5 ಮಿ.ಮೀ. ಇಳಿಸಿದ್ದಾರೆ.

ಪಾಲಿಮರಿನ ಪಕ್ಷಕ್ಕೆ ನನ್ನ ಮತ ಬೀಳುವುದು ಮಳೆಯ ವಿಷಯದಲ್ಲಿ. ಮಾದರಿಯೊಳಗಿನ ಎಂ.ಎಸ್. ಪಟ್ಟಿಯ ಬರಿಯ ಅಂಚುಗಳಿಗೆ ಎರಡೇ ವಾರದ ಧಾರವಾಡದ ಮಳೆಗಾಲ ಕಂದು ಪುಡಿ ಬಳಿದಿತ್ತು, ನೈಲಾನ್ ಚಿಪ್ಪು ಮಾತ್ರ ಹೊಸದರಂತೆಯೇ ಇತ್ತು. ಬೆವರಿನ ಕೈಯಲ್ಲಿ ದಿನವಿಡೀ ಹೊರುವವನಿಗೆ ಇದು ದೊಡ್ಡ ಲಾಭ. ಬೇಸಿಗೆಯ ಬಿಸಿಲಿನಲ್ಲಿ ಕೈಗೆ ಚುರುಕು ಮುಟ್ಟಿಸದಿರುವುದು ಇನ್ನೊಂದು. ನೈಲಾನ್ ತುಸು ತೇವ ಹೀರಿಕೊಂಡು ಮೆದುವಾಗುತ್ತದೆಂಬುದು ಸತ್ಯವಾದರೂ ಸ್ಲೈಡ್ ಓಡಾಡುವ ಹಳಿಗಳನ್ನು ಉಕ್ಕಿನಲ್ಲೇ ಮಾಡಿ ಫ್ರೇಮಿನೊಳಗೆ ಹುದುಗಿಸುವುದರಿಂದ ಸವೆಯುವ ಜಾಗದಲ್ಲಿ ಪಾಲಿಮರ್ ಇರುವುದೇ ಇಲ್ಲ. ಹೊರುವ ಕೆಲಸಕ್ಕಾದರೆ ನನ್ನ ಆಯ್ಕೆ ಪಾಲಿಮರ್, ಒಂದೇ ಜಾಗದಲ್ಲಿ ನಿಂತು ಗುರಿ ಹೊಡೆಯುವುದಕ್ಕಾದರೆ ಕಣ್ಣು ಮುಚ್ಚಿ ಉಕ್ಕಿನ 1911.

ಈ ನಡುವೆ ತಲೆ ಇನ್ನೊಂದು ಕಡೆ ಓಡಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಎದುರು ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಅಮಟೂರ ಬಾಳಪ್ಪ ಹೊಡೆದುರುಳಿಸಿದ ಕಾಲದ ಉದ್ದ ನಳಿಕೆಯ ಬಂದೂಕಿನ ತೂಕದ ಮಾದರಿ ಮಾಡಬೇಕೆಂದಿದ್ದೇನೆ. ಅದರ ಹಿಂಬದಿಯ ಮರದ ಹಿಡಿಕೆಗೆ ಕಲಘಟಗಿಯ ತೊಟ್ಟಿಲು ಮಾಡುವವರಿಂದ ಅರಗಿನ ಬಣ್ಣ ಹಾಕಿಸುವ ಆಸೆಯೂ ಇದೆ, ಅವರು ನಕ್ಕು ಕಳಿಸದಿದ್ದರೆ. ಅಷ್ಟು ಉದ್ದದ ನಳಿಕೆ ಮೂತಿಯ ಕಡೆ ಎಷ್ಟು ಜಗ್ಗುತ್ತದೆಂದು ನೋಡುವ ಕುತೂಹಲ ಈಗ ಹೆಚ್ಚಾಗಿದೆ.

ಅದಕ್ಕೂ ಮೊದಲು ಉಳಿದ ನೈಲಾನಿನಲ್ಲಿ ಎಸ್‌ಎಫ್ ರೂಪದ ಹಿಡಿಕೆಯನ್ನು ಕೊರೆದು ಇದೇ ಸ್ಲೈಡಿಗೆ ಕೂರಿಸಬೇಕು. ಹಿಡಿಕೆಯ ಬೆನ್ನು ಮುಂದೆ ಬಂದಷ್ಟೂ ಅಂಗೈಯಿಂದ ಗುರುತ್ವಕೇಂದ್ರಕ್ಕೆ ಇರುವ ಅಂತರ ಕಡಿಮೆಯಾಗಿ ಖಾಲಿ ಪಿಸ್ತೂಲಿನ ಮೂಗು ತುಸುವಾದರೂ ಮೇಲೇಳಬೇಕೆಂಬುದು ನನ್ನ ಅಂದಾಜು. ಹಲಗೆಯ ಮೇಲೆ ಗೆರೆ ಹಾಕಿಯಾಗಿದೆ, ಗರಗಸದ ಹೊಸ ಬ್ಲೇಡನ್ನು ಹುಬ್ಬಳ್ಳಿಯಿಂದ ತರಬೇಕಾಗಿದೆ.