ಆನೆಕಾಲು: ಮಾತ್ರೆ ನುಂಗಿದ ಮೇಲೆ ಉಳಿಯುವ ಕೆಲಸ

ಕಲಬುರಗಿ, ಯಾದಗಿರಿ ಸೀಮೆಯ ನಮಗೆ ಆನೆಕಾಲು ರೋಗವೆಂದರೆ ಮನೆಮನೆಗೆ ಬಂದು ಕಣ್ಣೆದುರೇ ನುಂಗಿಸಿ ಹೋಗುವ ಮಾತ್ರೆಗಳು ನೆನಪಾಗುತ್ತವೆ. ಹುಳುನಾಶಕಗಳಾದ ಡಿಇಸಿ, ಅಲ್ಬೆಂಡಜೋಲ್‌ಗಳ ಜೊತೆಗೆ ಐವರ್‌ಮೆಕ್ಟಿನ್ ಸೇರಿಸಿ ಕೊಡುವ ಕ್ರಮವನ್ನು ದೇಶದಲ್ಲಿ ಮೊದಲು ಜಾರಿಗೆ ತಂದ ಕೆಲವೇ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಈ ಮಾತ್ರೆಗಳು ಈ ರೋಗ ತರುವ ಹುಳುವಿನ, ರಕ್ತದಲ್ಲಿರುವ ಮರಿಗಳನ್ನು ಇಲ್ಲವಾಗಿಸಿ, ಕ್ಯೂಲೆಕ್ಸ್ ಸೊಳ್ಳೆಯ ಮೂಲಕ ಅವು ಇನ್ನೊಬ್ಬರಿಗೆ ದಾಟುವುದನ್ನು ತಡೆಯುತ್ತವೆ. ಆಗಲೇ ಊದಿ ದಪ್ಪಗಟ್ಟಿದ ಕಾಲನ್ನು ಮೊದಲಿನಂತೆ ಮಾಡಲಾರವು. ಇದನ್ನು ಬಿಡಿಸಿ ಹೇಳದೆ ಹೋದರೆ, ಮಾತ್ರೆ ನುಂಗಿಯೂ ಕಾಲು ಇಳಿಯಲಿಲ್ಲವೆಂದು ರೋಗಿ ಎಲ್ಲದರಲ್ಲೂ ನಂಬಿಕೆ ಕಳೆದುಕೊಳ್ಳುವುದು ಸಹಜ.

ಕಾಲು ದಪ್ಪವಾಗುತ್ತ ಹೋಗುವುದಕ್ಕೆ ಹುಳು ಒಂದೇ ಕಾರಣವಲ್ಲ. ದಾರದಂಥ ಆ ಹುಳು ದುಗ್ಧನಾಳಗಳಲ್ಲಿ (ಮೈಯೊಳಗಿನ ದ್ರವವನ್ನು ಮರಳಿ ರಕ್ತಕ್ಕೆ ಸೇರಿಸುವ ನಾಳಗಳಲ್ಲಿ) ವರ್ಷಗಟ್ಟಲೆ ಬದುಕಿ ಅವನ್ನು ಕೆಡಿಸುತ್ತದೆ, ಹರಿಯಬೇಕಾದ ದ್ರವ ಕಾಲಲ್ಲೇ ನಿಲ್ಲುತ್ತದೆ. ಮುಂದಿನ ಹಾನಿ ಬಹುಪಾಲು ಬ್ಯಾಕ್ಟೀರಿಯಾಗಳದು. ಬೆರಳ ಸಂದಿಯ ಬಿರುಕಿನಿಂದ ಅವು ಒಳಹೊಕ್ಕಾಗ ಚಳಿಜ್ವರ ಬಂದು, ಕಾಲು ಕೆಂಪಾಗಿ ಮುಟ್ಟಗೊಡದಷ್ಟು ನೋಯುತ್ತದೆ. ಇಂಥ ಜ್ವರ ಮರುಕಳಿಸಿದಷ್ಟೂ ಚರ್ಮ ಗಟ್ಟಿಯಾಗಿ ಮಡಿಕೆಬೀಳುತ್ತದೆ.

ಹಾಗಾಗಿ ಕಾಲು ತೊಳೆಯುವುದೇ ಇಲ್ಲಿ ಚಿಕಿತ್ಸೆಯ ದೊಡ್ಡ ಭಾಗ. ನಮ್ಮ ಓಣಿಯ ಹಿರಿಯ ಹೆಂಗಸೊಬ್ಬರು ಸಂಜೆ ಮಣೆಯ ಮೇಲೆ ಕುಳಿತು, ಮೊಣಕಾಲಿನಿಂದ ಕೆಳಕ್ಕೆ ಸೋಪು ಹಚ್ಚಿ, ಪ್ರತಿ ಮಡಿಕೆಯನ್ನೂ ಬೆರಳಿನಿಂದ ಬಿಡಿಸಿ ತೊಳೆಯುತ್ತಾರೆ. ಆಮೇಲೆ ಹಳೆಯ ಹತ್ತಿ ಸೀರೆಯ ತುಂಡನ್ನು ಸಂದಿಸಂದಿಗೂ ತೂರಿಸಿ, ಉಜ್ಜದೆ, ಒತ್ತಿ ಒರೆಸುತ್ತಾರೆ. ಬೆರಳುಗಳ ನಡುವೆ ತೇವ ಉಳಿದರೆ ತೊಳೆದದ್ದು ವ್ಯರ್ಥ. ಸಂದಿ ಬೆಳ್ಳಗಾಗಿ ನೆನೆದಂತಿದ್ದರೆ ಶಿಲೀಂಧ್ರನಾಶಕ ಮುಲಾಮು ಹಚ್ಚಬೇಕು, ಮಲಗುವಾಗ ಕಾಲನ್ನು ಎತ್ತರಕ್ಕೆ ಇಡಬೇಕು, ಹೊರಗೆ ಬರಿಗಾಲಲ್ಲಿ ನಡೆಯಬಾರದು.

ಸೋಪು, ನೀರು ಎಂದರೆ ಜನ ನಗುತ್ತಾರೆ, ಇಂಜೆಕ್ಷನ್ ಎಂದರೆ ಗೌರವ! ಸೊಪ್ಪಿನ ಲೇಪ ಕಟ್ಟಿಸಿಕೊಂಡು ಬರಲು ಊರೂರು ಅಲೆಯುವವರೂ ಇದ್ದಾರೆ. ಗಂಡಸರಲ್ಲಿ ಇದೇ ಹುಳುವಿನಿಂದ ವೃಷಣಚೀಲದಲ್ಲಿ ನೀರು ತುಂಬುವುದುಂಟು. ಅದಕ್ಕೆ ಶಸ್ತ್ರಚಿಕಿತ್ಸೆಯಿದೆ, ನಾಚಿ ಮುಚ್ಚಿಟ್ಟುಕೊಳ್ಳುವ ಅಗತ್ಯವಿಲ್ಲ.

ಚಳಿಜ್ವರ ಬಂದ ದಿನ ಮಾತ್ರ ಕಾಲಿನ ವ್ಯಾಯಾಮ ನಿಲ್ಲಿಸಿ, ತಣ್ಣೀರಿನ ಬಟ್ಟೆ ಹಾಕಿ, ತಡಮಾಡದೆ ವೈದ್ಯರನ್ನು ಕಾಣಬೇಕು.